ಆಯಿಯ ಜರಡಿ, ನನ್ನ ಸಿಲಿಕಾ

ಮೊನ್ನೆ ರಜೆ ಹಾಕಿ ಸಿರ್ಸಿಗೆ ಹೋಗಿದ್ದೆ, ಆಯಿ ಅಂಗಳದಲ್ಲಿ ಕಾಳುಮೆಣಸು ಜರಡಿ ಹಿಡೀತಾ ಕೂತಿದ್ಲು. "ತಮಾ, ನೀ ಅಲ್ಲಿ ದಿನಾ ಎಂತ ಅಳೀತೆ?" ಅಂದ್ಲು. ಎಚ್‌ಪಿಎಲ್‌ಸಿ (ಬೆರೆತ ರಾಸಾಯನಿಕಗಳನ್ನ ಬೇರ್ಪಡಿಸೋ ಮೆಷಿನ್ನು) ಕಾಲಮ್, ಅಂದ್ರೆ ಕೊಳವೆ, ಅದರೊಳಗೆ ತುಂಬೋ ಸಿಲಿಕಾ ಪುಡಿ, ಒಂದೊಂದು ಕಾಳು 5 ಮೈಕ್ರಾನ್, ಒಂದು ಮಿಲಿಮೀಟರಿಗೆ 200 ಸಾಲಾಗಿ ಕೂರ್ತವೆ ಅಂದೆ. "ಅಷ್ಟು ಸಣ್ಣದಕ್ಕೆ ಜರಡಿ ಎಲ್ಲಿದ್ದು?"

ಜರಡಿ ಇಲ್ಲ, ಲೇಸರ್ ಇದೆ. ಪುಡೀನ ನೀರಲ್ಲಿ ಕಲಕಿ ಬೆಳಕು ಹಾಯಿಸ್ತೀವಿ, ಸಣ್ಣ ಕಾಳು ಬೆಳಕನ್ನ ಅಗಲಕ್ಕೆ ಚೆದುರಿಸುತ್ತೆ, ದೊಡ್ಡದು ಕಿರಿದಾಗಿ, ಅದರಿಂದ ಸೈಜ್ ಲೆಕ್ಕ. ತಾಪತ್ರಯ ಏನಂದ್ರೆ ಅದು ಲೆಕ್ಕ ಕೊಡೋದು ಗಾತ್ರದ (ವಾಲ್ಯೂಮ್) ಪಾಲಲ್ಲಿ, ಎಷ್ಟು ಕಾಳು ಅಂತ ಅಲ್ಲ. 10 ಮೈಕ್ರಾನಿನ ಒಂದೇ ಕಾಳು 1 ಮೈಕ್ರಾನಿನ 1000 ಕಾಳಿಗೆ ಸಮ! ಹಾಗಾಗಿ ನುಚ್ಚು ಎಷ್ಟಿದ್ರೂ ಗ್ರಾಫಲ್ಲಿ ಬಾಲದಲ್ಲೆಲ್ಲೋ ಅಡಗಿ ಕೂತಿರುತ್ತೆ. ಹಿಂದೊಮ್ಮೆ ಹಿಂಗೇ ಆಯ್ತು, ಡಿ50 (ಅರ್ಧ ಪುಡಿ ಇದಕ್ಕಿಂತ ಸಣ್ಣದು, ಅರ್ಧ ದೊಡ್ಡದು ಅನ್ನೋ ನಡು ಸೈಜ್) ಚೆನ್ನಾಗಿದೆ ಅಂತ ನಾನೇ ಓಕೆ ಅಂದಿದ್ದ ಲಾಟು, ಕಾಲಮ್ ತುಂಬಿ ಪಂಪ್ ಆನ್ ಮಾಡಿದ್ರೆ ಪ್ರೆಶರ್ ಏರ್ತಾನೇ ಹೋಯ್ತು. ಕಾಳಿನ ಸೈಜ್ ಅರ್ಧ ಆದ್ರೆ ಪ್ರೆಶರ್ ನಾಲ್ಕು ಪಟ್ಟು, ಮೇಲಿಂದ ನುಚ್ಚು ಸಂದಿಗೆ ಹೋಗಿ ತುಂಬ್ಕೊಳ್ಳತ್ತೆ, ಕೊನೆಗೆ ಕಾಲಮ್ ತುದಿಯ ಸೋಸೋ ಬಿಲ್ಲೆ (ಫ್ರಿಟ್) ಕಟ್ಟುತ್ತೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ದುಂಡು ಕಾಳುಗಳ ಮೈಮೇಲೆಲ್ಲಾ ಧೂಳು, ಅಲ್ಲಲ್ಲಿ ಎರಡೆರಡು ಅಂಟಿಕೊಂಡ ಜೋಡಿ ಬೇರೆ. ಬೈಸ್ಕೊಂಡೆ, ಬಿಡಿ.

ಕೌಲ್ಟರ್ ಕೌಂಟರ್ ಒಂದೊಂದೇ ಕಾಳು ಎಣಿಸುತ್ತೆ: ಉಪ್ಪುನೀರಲ್ಲಿ ಸಣ್ಣ ತೂತು, ಕಾಳು ದಾಟುವಾಗ ಕರೆಂಟಿಗೆ ಅಡ್ಡ ಬರುತ್ತೆ, ಆ ಅಡ್ಡಿಯೇ ಅಳತೆ. ಆದ್ರೆ ನಮ್ಮ ಸಿಲಿಕಾ ಮೈಯೆಲ್ಲಾ ರಂಧ್ರ, ಉಪ್ಪುನೀರು ಒಳಗೆ ಹೋಗಿ ಅಲ್ಲೂ ಕರೆಂಟ್ ಹರಿಯುತ್ತೆ, ಹಂಗಾಗಿ ಇರೋದಕ್ಕಿಂತ ಸಣ್ಣದು ಅಂತ ತೋರಿಸುತ್ತೆ.

ಇದನ್ನ ಹೆಂಗಪ್ಪಾ ಹೇಳೋದು ಅಂತ ಯೋಚಿಸ್ತಿದ್ದೆ, ಆಯಿ ಜರಡಿ ಪಕ್ಕಕ್ಕಿಟ್ಟು ಮೊರ ತಗೊಂಡ್ಲು. ಕೇರಿದ್ದೇ ತಡ, ಜರಡಿಯಲ್ಲಿ ಒಳ್ಳೇ ಕಾಳಿನ ಜೊತೆಗೇ ಉಳಿದಿದ್ದ ಜೊಳ್ಳು ಹಾರಿ ಹೊರಗೆ ಬಿತ್ತು. ಜರಡಿಗೆ ಅದು ದಪ್ಪ ಕಾಳು, ಮೊರಕ್ಕೆ ಜೊಳ್ಳು.

ಈಗ ಲ್ಯಾಬಲ್ಲಿ ಯಾರಾದ್ರೂ "5 ಮೈಕ್ರಾನ್" ಅಂತ ಬರೀ ನಂಬರ್ ಬರೆದು ತಂದ್ರೆ, ಯಾವ ಮೆಷಿನ್ನು, ಗಾತ್ರದ ಲೆಕ್ಕವೋ ಎಣಿಕೆ ಲೆಕ್ಕವೋ ಅಂತ ಕೇಳಿ ವಾಪಸ್ ಕಳಿಸ್ತೀನಿ.