ತಲೆ ತುಂಬಾ ಸೋಪು, ನಲ್ಲಿ ತುಂಬಾ ತಣ್ಣೀರು

ಬಚ್ಚಲಿನಿಂದ "ಮತ್ತೆ ಆರಿಹೋಯ್ತು ಕಣೇ!" ಅನ್ನೋ ಕೂಗು ಕೇಳಿಸಿದರೆ ನಾನು ಓಡಿಹೋಗಿ ಗ್ಯಾಸ್ ಗೀಸರ್ ಮುಂದೆ ನಿಲ್ಲಬೇಕು. ಮೂರು ವಾರ ಇದೇ ನನ್ನ ಬೆಳಗಿನ ಡ್ಯೂಟಿ ಆಗಿತ್ತು. ನಿಂತು ಮಾಡೋದೇನೂ ಇರಲಿಲ್ಲ, ನೋಡೋದು ಅಷ್ಟೇ. ಟಕಟಕ ಅಂತ ಕಿಡಿ ಹಾರುತ್ತೆ, ಭಗ್ ಅಂತ ಹತ್ತುತ್ತೆ, ಒಂದೆರಡು ನಿಮಿಷ ಚೆನ್ನಾಗಿಯೇ ಉರಿಯುತ್ತೆ, ಆಮೇಲೆ ಯಾರೋ ಊದಿದ ಹಾಗೆ ಆರುತ್ತೆ. ಒಳಗಡೆ ತಲೆ ತುಂಬಾ ಸೋಪು ಹಚ್ಚಿಕೊಂಡು ನಿಂತ ಯಜಮಾನರು ಆಗ ಆಡುತ್ತಿದ್ದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಮೊದಲ ಅನುಮಾನ ಸೆಲ್ಲಿನ ಮೇಲೆ. ಕೆಳಗಿನ ಡಬ್ಬಿಯಲ್ಲಿ 1.5 ವೋಲ್ಟಿನ ದಪ್ಪ ಸೆಲ್ಲು ಎರಡಿರುತ್ತವಲ್ಲ, ಕಿಡಿ ಹಾರಿಸುವುದೂ ಗ್ಯಾಸಿನ ಬಾಗಿಲು ತೆರೆದು ಹಿಡಿಯುವುದೂ ಅವೇ. ಹೊಸ ಸೆಲ್ಲು ಹಾಕಿದ ದಿನ ಗೀಸರ್ ಒಮ್ಮೆಯೂ ಆರಲಿಲ್ಲ. "ನಾನು ಹೇಳಲಿಲ್ವಾ?" ಅಂದರು ಯಜಮಾನರು. ಮರುದಿನ ಮತ್ತೆ ಅದೇ ಕೂಗು. ತೆಗೆದಿಟ್ಟಿದ್ದ ಹಳೇ ಸೆಲ್ಲುಗಳಿಗೆ ಮಲ್ಟಿಮೀಟರ್ ಹಿಡಿದು ನೋಡಿದರೆ ಎರಡೂ ಗಟ್ಟಿಮುಟ್ಟಾಗಿದ್ದವು.

ಎರಡನೇ ಅನುಮಾನ ಸಿಲಿಂಡರಿನ ಮೇಲೆ. ಅದೂ ಸರಿಯಿತ್ತು. ಮೂರನೆಯದಾಗಿ ಮೆಕ್ಯಾನಿಕ್ ಬಂದರು. ಐದು ನಿಮಿಷ ನೋಡಿ, "ಬೋರ್ಡ್ ಹೋಗಿದೆ ಮೇಡಂ, ಹೊಸದೇ ತಗೊಂಡ್ಬಿಡಿ" ಅಂದರು. ಕವರ್ ಬಿಚ್ಚಿಯೂ ಇರಲಿಲ್ಲ. ನನಗೆ ಸಿಟ್ಟು ಬಂದದ್ದು ಗೀಸರ್ ಮೇಲಲ್ಲ, ಆ ಬಿಚ್ಚದ ಕವರಿನ ಮೇಲೆ.

ದಾರಿ ತೋರಿಸಿದ್ದು ಟಾರ್ಚ್ ಹಿಡಿಯಲು ಬಂದ ಮಗಳು. "ಅಮ್ಮಾ, ನಾವು ನಲ್ಲಿ ತಿರುಗಿಸಿದ್ದು ಇದಕ್ಕೆ ಹೇಗೆ ಗೊತ್ತಾಗುತ್ತೆ?"

ಉತ್ತರ ಹೇಳಲು ಹೋಗಿ ನನಗೇ ಅರ್ಥವಾಯಿತು. ಈ ಗೀಸರಿನಲ್ಲಿ ನೀರು ತುಂಬಿಡುವ ಟ್ಯಾಂಕ್ ಇಲ್ಲ. ತಣ್ಣೀರು ಒಳಬರುವ ಕಡೆ ಹಿತ್ತಾಳೆಯ ಒಂದು ದಪ್ಪ ವಾಲ್ವ್, ಅದರೊಳಗೆ ಬಿಲ್ಲೆಯಂಥ ರಬ್ಬರ್ ಪೊರೆ. ಡಯಾಫ್ರಮ್ ಅನ್ನುತ್ತಾರೆ. ನೀರು ರಭಸವಾಗಿ ಹರಿದರೆ ಆ ಪೊರೆ ಒಂದು ಸಣ್ಣ ಕಡ್ಡಿಯನ್ನು ಆಚೆಗೆ ತಳ್ಳುತ್ತದೆ, ಕಡ್ಡಿಯಿಂದ ಮೈಕ್ರೋಸ್ವಿಚ್ ಆನ್ ಆಗುತ್ತದೆ, ಆಮೇಲೆ ಕಿಡಿ, ಆಮೇಲೆ ಗ್ಯಾಸು. ಹರಿವು ಕಡಿಮೆಯಾದರೆ ಪೊರೆ ಹಿಂದಕ್ಕೆ ಸರಿಯುತ್ತದೆ, ಉರಿ ಆರುತ್ತದೆ. ಆರಬೇಕಾದ್ದೇ, ಇಲ್ಲದಿದ್ದರೆ ನೀರಿಲ್ಲದ ತಾಮ್ರದ ಕೊಳವೆ ಸುಟ್ಟುಹೋಗುತ್ತದೆ. ಅಂದರೆ ಇಲ್ಲಿ ಬೆಂಕಿಗೆ ಅಪ್ಪಣೆ ಕೊಡುವುದು ನೀರು. ಮೂರು ವಾರ ನಾವು ಹುಡುಕಿದ್ದು ಬೆಂಕಿಯ ಕಡೆ.

ನಮ್ಮ ಗೀಸರಿನ ಲೇಬಲ್ ಮೇಲೆ ಕನಿಷ್ಠ ಹರಿವು ನಿಮಿಷಕ್ಕೆ 2.5 ಲೀಟರ್ ಅಂತಿದೆ. ಲೆಕ್ಕ ಹಾಕಿದರೆ 24 ಸೆಕೆಂಡಿನೊಳಗೆ ಒಂದು ಲೀಟರ್ ಜಗ್ ತುಂಬಬೇಕು. ಮಗಳು ಫೋನಿನಲ್ಲಿ ಸೆಕೆಂಡು ಎಣಿಸಿದಳು, ನಾನು ಜಗ್ ಹಿಡಿದೆ. ಬಕೆಟ್ ನಲ್ಲಿಯಲ್ಲಿ 11 ಸೆಕೆಂಡು. ಶವರಿನಲ್ಲಿ ಬರೀ ಬಿಸಿನೀರು ಬಿಟ್ಟಾಗ 21. ಕೂದಲೆಳೆಯಲ್ಲಿ ಪಾಸು.

ಇನ್ನು ತಣ್ಣೀರಿನ ನಲ್ಲಿಯನ್ನೂ ತಿರುಗಿಸಿ ನೋಡಿ ಅಂದೆ ಯಜಮಾನರಿಗೆ. ತಿರುಗಿಸಿದರು. ಹೊರಗಡೆ ಗೀಸರ್ ಟಪ್ ಅಂತ ಆರಿತು. ಶವರಿನ ಕಣ್ಣುಗಳಿಂದ ಹೊರಬೀಳುವ ನೀರು ಅಷ್ಟೇ, ತಣ್ಣೀರು ನುಗ್ಗಿದಷ್ಟೂ ಬಿಸಿನೀರಿನ ಪೈಪಿನಲ್ಲಿ ಹರಿವು ಕುಗ್ಗುತ್ತದೆ. ಚಳಿಗಾಲದಲ್ಲಿ ಯಾರೂ ತಣ್ಣೀರು ಬೆರೆಸುವುದಿಲ್ಲ, ಹಾಗಾಗಿ ತೊಂದರೆಯೇ ಕಾಣಿಸಿರಲಿಲ್ಲ. ಬಿಸಿಲು ಏರಿತು, ಒಳಬರುವ ನೀರೇ ಬೆಚ್ಚಗಾಯಿತು, ಶವರ್ ಕೆಳಗೆ ನಿಂತು ಎರಡು ನಿಮಿಷಕ್ಕೆ ಮೈ ಸುಡತೊಡಗಿತು, ಕೈ ತಾನಾಗಿ ತಣ್ಣೀರಿನ ಕಡೆ ಹೋಯಿತು. ಹೊಸ ಸೆಲ್ಲಿನ ಆ ಶುಭದಿನ? ಅವತ್ತು ಅವರು ಶವರ್ ಬಿಟ್ಟು ಬಕೆಟ್ ನಲ್ಲಿಯಲ್ಲೇ ಸ್ನಾನ ಮುಗಿಸಿದ್ದರು!

ಗೀಸರಿನ ಮುಖದ ಮೇಲೆ ಗ್ಯಾಸಿನ ಉರಿ ಹೆಚ್ಚು ಕಡಿಮೆ ಮಾಡುವ ಗುಂಡಿಯೊಂದಿದೆ. ಕೊಂಡ ದಿನದಿಂದ ಅದು ಪೂರ್ತಿ ಬಲಕ್ಕೇ ನಿಂತಿತ್ತು. ಉರಿ ತಗ್ಗಿಸಿ, ಬಿಸಿನೀರು ಪೂರ್ತಿ ಬಿಟ್ಟು, ತಣ್ಣೀರನ್ನು ಮುಟ್ಟದೆ ಸ್ನಾನ ಮಾಡಬೇಕು. ಅರ್ಧ ರೋಗಕ್ಕೆ ಮದ್ದು ಇಷ್ಟೇ. ಉಳಿದರ್ಧ ಕಸ. ಶವರಿನ ತಲೆಯನ್ನು ರಾತ್ರಿಯಿಡೀ ವಿನೆಗರಿನಲ್ಲಿ ನೆನೆಹಾಕಿ ಹಳೇ ಬ್ರಶ್ಶಿನಿಂದ ಉಜ್ಜಿದೆ. ಗೀಸರಿಗೆ ತಣ್ಣೀರು ಬರುವ ಪೈಪ್ ಕಳಚಿದರೆ ಬಾಯಲ್ಲೇ ಬೆರಳುಗುರಿನಷ್ಟು ಜಾಲರಿ, ಅದರ ತುಂಬ ಮರಳು, ಪ್ಲಂಬರ್ ಸುತ್ತಿದ್ದ ಬಿಳಿ ಟೇಪಿನ ಚೂರು. ತೊಳೆದು ಹಾಕಿದ ಮೇಲೆ ಶವರಿನಲ್ಲಿ ಜಗ್ ತುಂಬಲು 13 ಸೆಕೆಂಡು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಮ್ಮೆ ಸ್ಪಾನರ್ ಹಿಡಿದ ಕೈ ಸುಮ್ಮನಿರಲ್ಲ. ಉರಿಯುವಾಗ ಗೀಸರಿನೊಳಗಿಂದ ಕುದಿಯುವ ಪಾತ್ರೆಯ ಹಾಗೆ ಗುಳುಗುಳು ಸದ್ದು ಬರುತ್ತಿತ್ತು. ಅದು ಸುಣ್ಣದ ಸದ್ದು. ಗಡಸು ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೊಳವೆಯ ಒಳಮೈಗೆ ಗಾರೆಯಂತೆ ಅಂಟುತ್ತದೆ. ನೀರು ಬಿಸಿ ಹೆಚ್ಚಾದಷ್ಟೂ ಅಂಟು ಹೆಚ್ಚು. ಗುಂಡಿ ವರ್ಷಗಟ್ಟಲೆ ಬಲಕ್ಕಿದ್ದ ಪಾಪ ಇಲ್ಲೂ ಸೇರಿತ್ತು.

ಸುಣ್ಣ ಬಿಡಿಸುವ ಕೆಲಸಕ್ಕೆ ಅರ್ಧ ದಿನ ಇಟ್ಟುಕೊಂಡೆ. ಮೊದಲು ಗ್ಯಾಸ್ ಬಂದ್, ಸೆಲ್ಲು ಹೊರಗೆ. ಇದನ್ನು ಮರೆಯಬೇಡಿ, ಪಂಪಿನ ರಭಸಕ್ಕೂ ಆ ಪೊರೆ ಅಲುಗುತ್ತದೆ, ಗೀಸರಿಗೆ ಅದು ವಿನೆಗರ್ ಅಂತ ಗೊತ್ತಾಗಲ್ಲ. ನೀರು ನಿಲ್ಲಿಸಿ ಎರಡೂ ಪೈಪ್ ಕಳಚಿ, ಬಕೆಟ್ಟಿನಲ್ಲಿ ನಾಲ್ಕು ಲೀಟರ್ ಬಿಳಿ ವಿನೆಗರ್ ಸುರಿದು, ಅದರಲ್ಲಿ ಸಣ್ಣ ಮುಳುಗು ಪಂಪ್ ಇಟ್ಟು, ತಣ್ಣೀರಿನ ಬಾಯಿಯಿಂದ ಒಳಕ್ಕೆ ತಳ್ಳಿದೆ. ಬಿಸಿನೀರಿನ ಬಾಯಿಂದ ಹೊರಬಂದದ್ದು ವಾಪಸ್ ಬಕೆಟ್ಟಿಗೆ. ಸ್ವಲ್ಪ ಹೊತ್ತಿಗೆ ಗುಳ್ಳೆ ಏಳತೊಡಗಿದವು, ವಿನೆಗರ್ ಕಲಗಚ್ಚಿನ ಬಣ್ಣಕ್ಕೆ ತಿರುಗಿತು. ಮುಕ್ಕಾಲು ಗಂಟೆ ಓಡಿಸಿ, ಆಮೇಲೆ ಬರೀ ನೀರು ಬಿಟ್ಟು ಚೆನ್ನಾಗಿ ತೊಳೆದೆ. ಮನೆಯೆಲ್ಲ ಎರಡು ದಿನ ಹುಳಿ ವಾಸನೆ. ಬೇಗ ಆಗುತ್ತೆ ಅಂತ ಟಾಯ್ಲೆಟ್ ತೊಳೆಯುವ ಆಸಿಡ್ ಹಾಕುವವರಿದ್ದಾರೆ. ಬೇಡ. ಅದು ಸುಣ್ಣದ ಜೊತೆ ಲೋಹವನ್ನೂ ತಿನ್ನುತ್ತದೆ.

ಗ್ಯಾಸಿನ ಕಡೆಗೆ ಮಾತ್ರ ನಾನು ಕೈ ಹಾಕಲ್ಲ. ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತಾ ನೋಡುತ್ತೇನೆ, ಕಿಂಡಿಯಿಂದ ಉರಿಯ ಬಣ್ಣ ನೋಡುತ್ತೇನೆ, ಅಷ್ಟೇ. ನೀಲಿಯಿದ್ದರೆ ಸರಿ. ಹಳದಿ ನಾಲಿಗೆ ಚಾಚುತ್ತಿದ್ದರೆ, ಮೇಲೆ ಮಸಿ ಕಟ್ಟಿದ್ದರೆ, ಗ್ಯಾಸು ಪೂರ್ತಿ ಉರಿಯುತ್ತಿಲ್ಲ ಅಂತ ಅರ್ಥ. ಬರ್ನರಿನಲ್ಲಿ ಧೂಳೋ ಜೇಡರ ಬಲೆಯೋ ಕೂತಿರಬಹುದು. ಆಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಿತು ಅನ್ನುವಷ್ಟರಲ್ಲಿ ಬಾಗಿಲಿನ ಚಿಲಕ ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ. ನಮ್ಮ ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇದೆ. ಮುಚ್ಚಿದ ಬಚ್ಚಲಿನೊಳಗೇ ಇಟ್ಟುಕೊಂಡವರು ಈ ಬರಹದಲ್ಲಿ ಬೇರೇನೂ ಓದದಿದ್ದರೂ ಪರವಾಗಿಲ್ಲ, ಅದನ್ನು ಮೊದಲು ಹೊರಗೆ ಹಾಕಿಸಿ. ಕೆಲವು ಗೀಸರುಗಳು 20 ನಿಮಿಷ ಉರಿದು ತಾವಾಗಿ ಆರುತ್ತವೆ. ಅದು ದೋಷವಲ್ಲ, ಅದನ್ನು ರಿಪೇರಿ ಮಾಡಿಸಲು ಹೋಗಬೇಡಿ.

ಈಗ ಗೀಸರ್ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿದ್ದೇನೆ. ಸೆಲ್ಲು ಹಾಕಿದ ತಾರೀಖು, ಜಾಲರಿ ತೊಳೆದ ತಾರೀಖು, ಜಗ್ ತುಂಬಿದ ಸೆಕೆಂಡು. ಗುಂಡಿ ಎಲ್ಲಿರಬೇಕು ಅಂತ ಮಗಳು ಕೆಂಪು ಸ್ಕೆಚ್ ಪೆನ್ನಿನಲ್ಲಿ ಬಾಣ ಬರೆದಿದ್ದಾಳೆ. ಯಜಮಾನರು ಇನ್ನೂ ಅಭ್ಯಾಸಬಲದಿಂದ ತಣ್ಣೀರಿನ ನಲ್ಲಿ ತಿರುಗಿಸುತ್ತಾರೆ, ಕೂಗುವುದನ್ನು ಮಾತ್ರ ಬಿಟ್ಟಿದ್ದಾರೆ.

ಮೊನ್ನೆ ಹಿತ್ತಾಳೆ ವಾಲ್ವಿನ ನಡುವೆ, ಆ ಕಡ್ಡಿ ಹೊರಬರುವ ಜಾಗದಲ್ಲಿ, ಒಂದು ಹನಿ ನೇತಾಡುತ್ತಿತ್ತು. ಒರೆಸಿದೆ. ಸಂಜೆ ಮತ್ತೆ ಇತ್ತು. ಪೊರೆಯೋ ಕಡ್ಡಿಯ ಸುತ್ತಲಿನ ರಬ್ಬರ್ ಬಳೆಯೋ ಸವೆದಿರಬೇಕು. ಎರಡನ್ನೂ ತಂದಿಟ್ಟುಕೊಂಡಿದ್ದೇನೆ, ಭಾನುವಾರ ಬಿಚ್ಚುತ್ತೇನೆ.