ಪ್ರತಿ ಸಲ ಪಿನ್ ಒತ್ತುವ ಮುಂಚೆ ನಿಂತು ನೋಡಬೇಕಾ?

"ದಿನಕ್ಕೆ ಹತ್ತು ಸಲ ಸ್ಕ್ಯಾನ್ ಮಾಡ್ತೀವಿ. ಪ್ರತಿ ಸಲ ಹೆಸರು ನೋಡು, ಮೊತ್ತ ನೋಡು ಅಂತ ನಿಂತರೆ ಕೆಲಸ ಸಾಗುತ್ತಾ?" ಯುಪಿಐ ವಿಷಯ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ.

ಹತ್ತೂ ಸಲ ನಿಲ್ಲಬೇಡಿ. ಎಂಟು ಸಲ ಪಿನ್ನೇ ಬೇಡದ ಹಾಗೆ ಮಾಡಿಕೊಳ್ಳಿ, ಉಳಿದೆರಡು ಸಲ ಪೂರ್ತಿ ನಿಲ್ಲಿ.

ಟೀಗೆ 15, ಸೊಪ್ಪಿಗೆ 20, ಆಟೋಗೆ 60 ಅಂತ ಎಲ್ಲದಕ್ಕೂ ಪಿನ್ ಒತ್ತುತ್ತಾ ಹೋದರೆ ಬೆರಳಿಗೆ ಅದು ರೂಢಿಯಾಗಿಬಿಡುತ್ತದೆ. ಪುಟ ತೆರೆದದ್ದೇ ತಡ, ಕಣ್ಣು ಓದುವ ಮೊದಲೇ ಅಂಕಿಗಳು ಒತ್ತಿ ಮುಗಿದಿರುತ್ತವೆ. 150ರ ಬದಲು 1500 ಹೋಗುವುದು ಹೀಗೆಯೇ. ವಂಚಕರು ನೆಚ್ಚಿಕೊಂಡಿರುವುದೂ ಈ ರೂಢಿಯನ್ನೇ.

ಆದ್ದರಿಂದ ಮೊದಲು ಆ್ಯಪ್‌ನಲ್ಲಿ ಯುಪಿಐ ಲೈಟ್ ಶುರು ಮಾಡಿ. ಚಿಲ್ಲರೆ ಖರ್ಚಿಗೆ ಸ್ವಲ್ಪ ದುಡ್ಡು ಬೇರೆ ತೆಗೆದಿಡುವ ಪರ್ಸ್ ಇದ್ದ ಹಾಗೆ ಇದು. ಒಂದು ಸಲಕ್ಕೆ 1,000 ರೂಪಾಯಿವರೆಗೆ ಪಿನ್ ಇಲ್ಲದೆ ಕೊಡಬಹುದು, ಅದರಲ್ಲಿ ಒಟ್ಟು 5,000 ಇಡಬಹುದು. ಅಷ್ಟೂ ತುಂಬಿಸಬೇಡಿ. ವಾರದ ಚಿಲ್ಲರೆ ಖರ್ಚಿಗೆ 1,000ವೋ 1,500ವೋ ಸಾಕು. ಫೋನ್ ಕಳೆದು ಬೇರೆಯವರ ಕೈಗೆ ಸಿಕ್ಕರೆ ಹೋಗುವ ದುಡ್ಡು ಅಷ್ಟಕ್ಕೇ ನಿಲ್ಲುತ್ತದೆ. ತಾನಾಗಿಯೇ ತುಂಬಿಕೊಳ್ಳುವ ಆಟೋ ಟಾಪ್-ಅಪ್ ಆನ್ ಆಗಿದ್ದರೆ ಆಫ್ ಮಾಡಿ. ಕೈಯಾರೆ ತುಂಬುವಾಗ ವಾರಕ್ಕೆಷ್ಟು ಖರ್ಚಾಯಿತು ಅಂತ ಒಮ್ಮೆ ಕಣ್ಣಿಗೆ ಬೀಳುತ್ತದೆ.

ಇಷ್ಟಾದ ಮೇಲೆ ಪಿನ್ ಕೇಳುವ ಪುಟ ಅಪರೂಪವಾಗುತ್ತದೆ. ಅದು ಬಂದಾಗ ಮೇಲ್ಗಡೆ ಇರುವ ಹೆಸರು, ಮೊತ್ತ ಎರಡನ್ನೂ ಓದಿ. ಅಂಗಡಿಯ ಬೋರ್ಡಿನಲ್ಲಿ ಒಂದು ಹೆಸರು, ಫೋನಿನಲ್ಲಿ ಇನ್ನೊಂದು ಬಂದರೆ ಗಾಬರಿ ಬೇಡ. ಖಾತೆ ಮಾಲೀಕರ ಹೆಸರಲ್ಲೋ ಅವರ ಮನೆಯವರ ಹೆಸರಲ್ಲೋ ಇರಬಹುದು. "ಅಣ್ಣ, ಯಾರ ಹೆಸರು ಬರಬೇಕು?" ಅಂತ ಕೇಳಿಬಿಡಿ. ಅಂಗಡಿಯ ಕ್ಯೂಆರ್ ಮೇಲೆ ಬೇರೆಯವರು ತಮ್ಮ ಸ್ಟಿಕ್ಕರ್ ಅಂಟಿಸಿ ಹೋಗುವುದುಂಟು. ಈ ಒಂದು ಮಾತು ಅಂಗಡಿಯವರ ದುಡ್ಡನ್ನೂ ಉಳಿಸುತ್ತದೆ.

ಬಾಡಿಗೆ, ಅಡ್ವಾನ್ಸ್‌ನಂಥ ದೊಡ್ಡ ಮೊತ್ತವನ್ನು ಹೊಸಬರಿಗೆ ಕಳಿಸುವಾಗ ಮೊದಲು 1 ರೂಪಾಯಿ ಹಾಕಿ. ಫೋನ್ ಮಾಡಿ "ಬಂತಾ?" ಅಂತ ಕೇಳಿ, ಆಮೇಲೆ ಉಳಿದದ್ದು ಕಳಿಸಿ.

"ಹಳೇ ಸೋಫಾ ನಾನೇ ತಗೋತೀನಿ, ದುಡ್ಡು ಕಳಿಸಿದ್ದೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅಂತ ಯಾರಾದರೂ ಹೇಳಿದರೆ ಅಲ್ಲೇ ಫೋನ್ ಇಟ್ಟುಬಿಡಿ. ನಿಮ್ಮ ಖಾತೆಗೆ ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ. ಮೋಸ ಹೋಗಿದ್ದು ಗೊತ್ತಾದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆ ಪಾವತಿಯ ವಿವರದಲ್ಲಿರುವ 12 ಅಂಕಿಯ ಯುಟಿಆರ್ ಸಂಖ್ಯೆ (ಪಾವತಿಯ ಗುರುತಿನ ಸಂಖ್ಯೆ) ಕೈಯಲ್ಲಿರಲಿ. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಜಾರುತ್ತಾ ಹೋಗುತ್ತದೆ.

ಇನ್ನೊಂದು ಕಡೆ ಆತುರ ಕೆಟ್ಟದ್ದು: ಪಾವತಿ 'ಪೆಂಡಿಂಗ್' ಅಂತ ತೋರಿಸಿದಾಗ. ತಕ್ಷಣ ಇನ್ನೊಮ್ಮೆ ಕಳಿಸಿದರೆ ಎರಡೂ ಹೋಗಿಬಿಡಬಹುದು. ಮೊದಲು ಬ್ಯಾಂಕಿನ ಎಸ್‌ಎಂಎಸ್ ನೋಡಿ, ಬ್ಯಾಲೆನ್ಸ್ ನೋಡಿ. ದುಡ್ಡು ಕಡಿತವಾಗಿ ಅತ್ತ ತಲುಪದಿದ್ದರೆ, ವ್ಯಕ್ತಿಗೆ ಕಳಿಸಿದ್ದು ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದು 5 ದಿನದೊಳಗೆ ವಾಪಸ್ ಬರಬೇಕು ಎನ್ನುತ್ತದೆ ರಿಸರ್ವ್ ಬ್ಯಾಂಕಿನ 2019ರ ನಿಯಮ. ಮೀರಿದರೆ ಬ್ಯಾಂಕು ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಅಂಗಡಿಯವರು ಕಾಯಲು ಒಪ್ಪದಿದ್ದರೆ, ಅಷ್ಟು ಹೊತ್ತಿಗೆ ಜೇಬಿನಲ್ಲಿ 500ರ ಒಂದು ನೋಟು ಇದ್ದರೆ ಸಾಕು.