ಎಡಗಡೆಯ ಮಡ್‌ಗಾರ್ಡ್

ಆ ಭಾನುವಾರ ಬೆಳಿಗ್ಗೆ ಅಣ್ಣ ಬಂದದ್ದು ಬಣ್ಣದ ಶೇಡ್ ಕಾರ್ಡ್ ಹಿಡಿದುಕೊಂಡು. ನಾನು ಕಾದು ಕುಳಿತಿದ್ದದ್ದು ಬಣ್ಣದ ದಪ್ಪ ಅಳೆಯುವ ಮೀಟರ್ ಹಿಡಿದುಕೊಂಡು. ನಮ್ಮಿಬ್ಬರ ನಡುವೆ ಅಪ್ಪನ 1957ರ ಮಾರಿಸ್ ಮೈನರ್ ಶೆಡ್ಡಿನಲ್ಲಿ ನಿಂತಿತ್ತು, ಹನ್ನೊಂದು ವರ್ಷಗಳಿಂದ ನಿಂತ ಹಾಗೆಯೇ.

ಅಪ್ಪ ಹೋದ ಮೇಲೆ ಅದನ್ನು ಯಾರೂ ಓಡಿಸಿರಲಿಲ್ಲ. ಮಾರುವ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. ಇದ್ದದ್ದು ಒಂದೇ ಜಗಳ. ಪೂರ್ತಿ ಬಿಚ್ಚಿ, ಬಣ್ಣ ಕೆರೆದು, ಹೊಸ ಕಾರಿನ ಹಾಗೆ ಮಾಡುವುದೋ, ಇದ್ದ ಹಾಗೆಯೇ ಉಳಿಸಿಕೊಳ್ಳುವುದೋ? ಅಣ್ಣ ಮೊದಲನೆಯ ಪಕ್ಷ, ನಾನು ಎರಡನೆಯದು. ಟಿಂಕರಿಂಗ್ ಮಾಡುವ ಹಿರಿಯ ಮೇಸ್ತ್ರಿಯೊಬ್ಬರನ್ನು ಅಂದು ಕರೆಸಿದ್ದೆವು, ತೀರ್ಪು ಹೇಳಲಿ ಎಂದು. ಅವರಿಗೆ ಆ ವಿಷಯ ನಾವು ತಿಳಿಸಿರಲಿಲ್ಲ. ಕಾರಿಗೆ ಕೆಲಸ ಇದೆ ಎಂದಷ್ಟೇ ಹೇಳಿದ್ದೆವು.

ನನ್ನ ವಾದವೆಲ್ಲ ನಿಂತಿದ್ದದ್ದು ಅಪ್ಪನ ಒಂದು ಮಾತಿನ ಮೇಲೆ. "ಕಾರಖಾನೆಯವರನ್ನು ಬಿಟ್ಟರೆ ಈ ಕಾರಿಗೆ ಇನ್ನೊಬ್ಬರು ಬಣ್ಣ ಮುಟ್ಟಿಸಿಲ್ಲ" ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಬೂದು ಬಣ್ಣ, ಈಗ ಸೀಮೆಸುಣ್ಣದ ಹಾಗೆ ಬಿಳಿಚಿಕೊಂಡಿದೆ. ಬಾನೆಟ್ಟಿನ ಮೇಲೆ ಬೆರಳು ಎಳೆದರೆ ಬೆರಳಿಗೇ ಬಣ್ಣ ಬರುತ್ತದೆ. ಚಾಲಕನ ಬಾಗಿಲಿನ ಮೇಲಂಚಿನಲ್ಲಿ, ಕಿಟಕಿಯ ಗಾಜು ಇಳಿಯುವ ಜಾಗದ ಪಕ್ಕದಲ್ಲಿ, ಒಂದು ಗೇಣು ಉದ್ದಕ್ಕೆ ಬಣ್ಣ ಸವೆದುಹೋಗಿದೆ. ಹೊರಗೆ ಬೂದು, ಅದರ ಒಳಗೆ ತೆಳುವಾದ ಪ್ರೈಮರಿನ ಉಂಗುರ, ನಟ್ಟನಡುವೆ ಬರಿಯ ಉಕ್ಕು. ಆ ಉಕ್ಕು ಮಾತ್ರ ತುಕ್ಕು ಹಿಡಿದಿರಲಿಲ್ಲ, ಕನ್ನಡಕದ ಗಾಜಿನಷ್ಟು ನುಣುಪಾಗಿತ್ತು. ಅಪ್ಪ ಮೊಣಕೈ ಊರಿಕೊಂಡು ಓಡಿಸುತ್ತಿದ್ದ ಜಾಗ ಅದು. ಅಣ್ಣನ ಶೇಡ್ ಕಾರ್ಡು ಗೆದ್ದರೆ ಮೊದಲು ಹೋಗುವುದು ಅದೇ.

ಹಳೆಯ ಕಾರಿನವರಲ್ಲಿ ಈ ಜಗಳ ನಮ್ಮಿಂದ ಶುರುವಾದದ್ದೇನಲ್ಲ. ಒಂದು ಕಾಲದಲ್ಲಿ ಅಣ್ಣನ ಪಕ್ಷವೇ ಎಲ್ಲೆಡೆ ಗೆಲ್ಲುತ್ತಿತ್ತು. ಕಾರಖಾನೆಯಿಂದ ಬಂದಾಗ ಇದ್ದದ್ದಕ್ಕಿಂತ ಹೆಚ್ಚು ಹೊಳಪು, ಹೆಚ್ಚು ಕ್ರೋಮ್, ಕೆಳಗೆ ಬಗ್ಗಿ ನೋಡಿದರೂ ಧೂಳಿಲ್ಲ. ಗಾಳಿ ಈಚೆಗೆ ತಿರುಗಿದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ 2012ರಲ್ಲಿ ಟ್ಯೂರಿನ್ ಸನ್ನದು ಎಂಬುದನ್ನು ಒಪ್ಪಿಕೊಂಡಿತು. ಸ್ಮಾರಕಗಳ ರಕ್ಷಣೆಗೆಂದು 1964ರಲ್ಲಿ ಬರೆದ ವೆನಿಸ್ ಸನ್ನದಿನ ಜಾಡಿನಲ್ಲೇ ಬಂದದ್ದು ಅದು. ಹಳೆಯ ದೇವಾಲಯದ ಕಲ್ಲಿಗೆ ತೋರಿಸುವ ಎಚ್ಚರವನ್ನು ಹಳೆಯ ಕಾರಿನ ತಗಡಿಗೂ ತೋರಿಸಿ ಎಂಬ ಧಾಟಿ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ 1950ರಿಂದ ನಡೆಯುತ್ತಿರುವ ಕಾರುಗಳ ಸ್ಪರ್ಧೆಯಲ್ಲಿ 2024ರಲ್ಲಿ ಅತ್ಯುನ್ನತ ಬಹುಮಾನ ಪಡೆದದ್ದು 1934ರ ಬುಗಾಟಿ ಟೈಪ್ 59, ಹೊಸ ಬಣ್ಣ ಕಾಣದೆ ಸವೆದ ಮೈಯಲ್ಲೇ ಬಂದ ಕಾರು. ಅಂಥದ್ದಕ್ಕೆ ಆ ಬಹುಮಾನ ಸಿಕ್ಕಿದ್ದು ಅದೇ ಮೊದಲು. ಅದರ ಚಿತ್ರವನ್ನು ನಾನು ಅಣ್ಣನಿಗೆ ಮೂರು ಸಲ ಕಳುಹಿಸಿದ್ದೆ. "ನಮ್ಮದು ಬುಗಾಟಿ ಅಲ್ಲ" ಎಂದು ಅವನು ಒಂದೇ ಸಲ ಉತ್ತರಿಸಿದ್ದ.

ನನ್ನ ನಿಲುವಿನಲ್ಲಿ ಒಂದಿಷ್ಟು ಭಯವೂ ಬೆರೆತಿತ್ತು ಎಂದು ಒಪ್ಪಿಕೊಳ್ಳಬೇಕು. ಪರಿಚಯದವರೊಬ್ಬರು ಇಂಥದ್ದೇ ಕಾರನ್ನು ಉತ್ಸಾಹದಿಂದ ಬಿಚ್ಚಿದ್ದರು. ಅದು ಈಗ ಏಳು ಗೋಣಿಚೀಲಗಳಲ್ಲಿದೆ. ಯಾವ ಬೋಲ್ಟು ಎಲ್ಲಿಯದೆಂದು ಅವರಿಗೂ ಗೊತ್ತಿಲ್ಲ, ಬಿಚ್ಚಿದವನು ಬೇರೆ ಕೆಲಸ ಹಿಡಿದು ಹೊರಟುಹೋದ. ಬಿಚ್ಚುವುದಕ್ಕೆ ಒಂದು ವಾರ ಸಾಕು, ಕೂಡಿಸುವುದಕ್ಕೆ ಮನಸ್ಸು ಬೇಕು.

ಮೀಟರನ್ನು ಬಾಗಿಲಿಗೆ ಒತ್ತಿದೆ. ಉಕ್ಕಿಗೂ ಮೀಟರಿನ ಮೂತಿಗೂ ಇರುವ ಅಂತರವನ್ನು ಅಯಸ್ಕಾಂತದ ಬಲದಿಂದ ಲೆಕ್ಕ ಹಾಕುವ ಸಣ್ಣ ಯಂತ್ರ ಅದು. 110 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್). ಬಾನೆಟ್ 95, ಅಪ್ಪ ಅದನ್ನು ಉಜ್ಜಿದ್ದೇ ಹೆಚ್ಚು. ಡಿಕ್ಕಿ 120. ಮೇಲ್ಛಾವಣಿ 115. ಕಾರಖಾನೆಯ ಬಣ್ಣ ಬಿಟ್ಟು ಮೇಲೆ ಇನ್ನೊಂದು ಪದರ ಇಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಒಂದೊಂದು ಅಂಕಿಯನ್ನೂ ಅಣ್ಣನಿಗೆ ಕೇಳುವ ಹಾಗೆ ಓದುತ್ತಾ ಕಾರನ್ನು ಸುತ್ತು ಹಾಕಿದೆ. ಎಡಗಡೆಯ ಮುಂದಿನ ಮಡ್‌ಗಾರ್ಡಿಗೆ ಬಂದಾಗ ಮೀಟರ್ 640 ತೋರಿಸಿತು.

ಒರೆಸಿ ಮತ್ತೆ ಇಟ್ಟೆ. 710. ಹೆಡ್‌ಲೈಟಿನ ಪಕ್ಕದಲ್ಲಿ 1,200 ದಾಟಿತು. ಅಷ್ಟು ದಪ್ಪ ಎಂದರೆ ಒಳಗೆ ಪುಟ್ಟಿ ಇದೆ ಎಂದೇ ಅರ್ಥ. ನಾನು ಓದುವುದನ್ನು ನಿಲ್ಲಿಸಿದ್ದು ಅಣ್ಣನಿಗೆ ಗೊತ್ತಾಯಿತು.

ಮೈನರ್ ಕಾರಿನ ಮಡ್‌ಗಾರ್ಡುಗಳು ಬೋಲ್ಟಿನಿಂದ ಕೂರುತ್ತವೆ. ಮೇಸ್ತ್ರಿ ತುಟಿ ಪಿಟಿಕ್ಕೆನ್ನದೆ ಚಕ್ರದ ಗೂಡಿನೊಳಗೆ ಟಾರ್ಚ್ ಹಿಡಿದರು. ಸ್ಕ್ರೂಡ್ರೈವರಿನಿಂದ ಒಣಗಿದ ಮಣ್ಣು ಕೆರೆದರು. "ಒಳಗೆ ಹಸಿರು ಬಣ್ಣ ಇದೆ ಸರ್. ಇದು ಬೇರೆ ಗಾಡಿಯದು" ಎಂದರು.

ಅಣ್ಣ ನಗಲಿಲ್ಲ. ನಕ್ಕಿದ್ದರೆ ನನಗೆ ಸುಲಭವಾಗುತ್ತಿತ್ತು. ಅಪ್ಪ ಸುಳ್ಳು ಹೇಳಿದ್ದರೇ ಎಂದು ಇಬ್ಬರೂ ಯೋಚಿಸುತ್ತಾ ನಿಂತಿದ್ದಾಗ ಬಾಗಿಲ ಬಳಿಯ ಕುರ್ಚಿಯಲ್ಲಿ ಅಷ್ಟು ಹೊತ್ತೂ ಸುಮ್ಮನೆ ಕುಳಿತಿದ್ದ ಅಮ್ಮ ಹೇಳಿದಳು: "ಅದು ನಾನು ಗುದ್ದಿದ್ದು."

ನೀವಿಬ್ಬರೂ ಹುಟ್ಟುವ ಮೊದಲು ಎಂದಳು. ಅಪ್ಪ ಓಡಿಸಲು ಕಲಿಸುತ್ತಿದ್ದರಂತೆ. ಬ್ರೇಕ್ ಎಂದು ಒತ್ತಿದ್ದು ಆಕ್ಸಿಲರೇಟರ್, ಎದುರಿಗೆ ಗೇಟಿನ ಕಲ್ಲಿನ ಕಂಬ. ಹಳೆಯ ಗಾಡಿಯೊಂದರಿಂದ ಮಡ್‌ಗಾರ್ಡ್ ಕಳಚಿ ತಂದು, ಉಬ್ಬುತಗ್ಗನ್ನೆಲ್ಲ ಪುಟ್ಟಿಯಿಂದ ತುಂಬಿಸಿ, ಬೂದು ಬಳಿಸಿ, ಮೂರೇ ದಿನದಲ್ಲಿ ಮನೆಗೆ ತಂದರಂತೆ. ಅತ್ತೆ ಮಾವನಿಗೆ ತಿಳಿಯಬಾರದು ಎಂದು. "ಆ ಮೇಲೆ ಯಾರು ಕೇಳಿದರೂ ಬಣ್ಣ ಮುಟ್ಟಿಸಿಲ್ಲ ಎಂದೇ ಹೇಳುತ್ತಿದ್ದರು. ನಾನು ಅಲ್ಲೇ ನಿಂತಿರುತ್ತಿದ್ದೆ."

ನಾವು ಹೆಮ್ಮೆಯ ಮಾತು ಎಂದುಕೊಂಡಿದ್ದದ್ದು ಅಮ್ಮನಿಗೆ ಅಪ್ಪ ಕೊಟ್ಟಿದ್ದ ರಕ್ಷಣೆ. ಐದು ದಶಕ ದಾಟಿದರೂ ಅವರು ಅದನ್ನು ಸಡಿಲಿಸಿರಲಿಲ್ಲ.

ಅಣ್ಣ ಸಂದರ್ಭ ಬಿಡಲಿಲ್ಲ. "ಮೂಲದ್ದೇ ಅಲ್ಲ ಎಂದ ಮೇಲೆ ಇನ್ನೇನು ಉಳಿಸುವುದು? ಬಣ್ಣ ಕೆರೆಸೋಣ." ನಾನು ಬಾನೆಟ್ಟಿನ ನಡುವೆ ಉದ್ದಕ್ಕೂ ಓಡುವ ಚಪ್ಪಟೆ ಪಟ್ಟಿಯ ಮೇಲೆ ಕೈ ಇಟ್ಟು ನನಗೆ ಗೊತ್ತಿದ್ದ ಕಥೆಯನ್ನೇ ಮುಂದೆ ಮಾಡಿದೆ. ಅಲೆಕ್ ಇಸಿಗೊನಿಸ್ ಈ ಕಾರನ್ನು ವಿನ್ಯಾಸ ಮಾಡಿ ಮುಗಿಸುವ ಹೊತ್ತಿಗೆ ಅದು ತೀರ ಕಿರಿದಾಯಿತೆಂದು ಅವರಿಗೇ ಅನಿಸಿತು. ಮಾದರಿಯನ್ನು ಉದ್ದುದ್ದ ಕತ್ತರಿಸಿ, ಎರಡು ಹೋಳುಗಳನ್ನು ದೂರ ಸರಿಸಿ ನೋಡಿ, 4 ಅಂಗುಲ ಅಗಲ ಮಾಡಿದರು. ಬಾನೆಟ್ಟಿನ ಈ ಪಟ್ಟಿ ಆ ನಾಲ್ಕು ಅಂಗುಲದ ಗುರುತು. ಬಂಪರುಗಳು ಅಷ್ಟರಲ್ಲಿ ತಯಾರಾಗಿದ್ದವು, ಅವನ್ನೂ ನಡುವೆ ಕತ್ತರಿಸಿ ತುಂಡು ಸೇರಿಸಿದರು. 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಮೈನರ್ ಹುಟ್ಟುವಾಗಲೇ ತೇಪೆ ಹಾಕಿಸಿಕೊಂಡ ಕಾರು. ಹತ್ತು ಲಕ್ಷ ದಾಟಿದ ಮೊದಲ ಬ್ರಿಟಿಷ್ ಕಾರು ಕೂಡ ಇದೇ. ಆ ನೆನಪಿಗೆ ನೇರಳೆ ಛಾಯೆಯ ಬಣ್ಣ ಬಳಿದು ಸುಮಾರು 350 ಕಾರುಗಳನ್ನು ಮಾಡಿದರು. ಅಣ್ಣನ ಶೇಡ್ ಕಾರ್ಡಿನಲ್ಲಿ ಆ ಬಣ್ಣಕ್ಕೆ ಟಿಕ್ ಮಾರ್ಕ್ ಇತ್ತು ಎಂದು ಆಮೇಲೆ ತಿಳಿಯಿತು. 1957ರ ಕಾರಿಗೆ, ಆಮೇಲೆ ಬಂದ ಬಣ್ಣ! ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

"ಇತಿಹಾಸ ಸಾಕು" ಎಂದ ಅಣ್ಣ. "ಅಪ್ಪ ವಾರಕ್ಕೊಮ್ಮೆ ಇದನ್ನು ತೊಳೆದು ಒರೆಸುತ್ತಿದ್ದರು. ಇವತ್ತು ನೋಡಿದ್ದರೆ ತಲೆ ತಗ್ಗಿಸುತ್ತಿದ್ದರು. ಈ ಬಿಳಿಚು, ಈ ಇಲಿ ಕಚ್ಚಿದ ಸೀಟು, ಈ ತುಕ್ಕು, ಇದೆಲ್ಲ ಅಪ್ಪ ಮಾಡಿದ್ದಲ್ಲ. ಹನ್ನೊಂದು ವರ್ಷ ನಾವಿಬ್ಬರು ಮಾಡಿದ ಸೋಮಾರಿತನ. ಅದನ್ನು ಉಳಿಸಲು ಹೊರಟಿದ್ದೀಯಾ?"

ನನ್ನ ಬಳಿ ಉತ್ತರ ಇರಲಿಲ್ಲ.

ಅಷ್ಟರಲ್ಲಿ ಮೇಸ್ತ್ರಿ ಜ್ಯಾಕ್ ಕೊಟ್ಟಿದ್ದರು. ಕಾರು ಏಳುವ ಬದಲು ಜ್ಯಾಕೇ ಕಾರಿನೊಳಗೆ ಏರಿತು, ಹಪ್ಪಳ ಮುರಿದ ಸದ್ದಿನೊಂದಿಗೆ. ಅವರು ಜಾಗ ಬದಲಿಸಿ, ಮರದ ತುಂಡು ಇಟ್ಟು ಮತ್ತೆ ಎತ್ತಿದರು. "ಬಾಗಿಲು ಹಾಕಿ ನೋಡಿ" ಎಂದರು. ಚಾಲಕನ ಬಾಗಿಲು ಹಾಕಿದೆ. ಅದು ಮುಚ್ಚಲಿಲ್ಲ. ಕೆಳಗಿಳಿಸಿದಾಗ ಮುಚ್ಚಿತು. ಮತ್ತೆ ಎತ್ತಿದಾಗ ಬಾಗಿಲಿನ ಸಂದಿ ಮೇಲುಗಡೆ ಕಿರಿದಾಗುತ್ತಾ ಹೋದದ್ದು ಕಣ್ಣಿಗೇ ಕಾಣುತ್ತಿತ್ತು. ಕಾರು ನಡು ಬಗ್ಗುತ್ತಿತ್ತು. ಈ ಕಾರಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿ ಇಲ್ಲ, ಮೈಯೇ ಮೂಳೆ. ಬಾಗಿಲುಗಳ ಕೆಳಗೆ ಉದ್ದಕ್ಕೆ ಓಡುವ ಪೆಟ್ಟಿಗೆಯಂಥ ತಗಡು ಬೆನ್ನೆಲುಬು. ಮೇಸ್ತ್ರಿ ಅದಕ್ಕೆ ಸ್ಕ್ರೂಡ್ರೈವರ್ ಒತ್ತಿದರು, ಹಿಡಿಯವರೆಗೂ ಹೋಯಿತು.

"ಬಣ್ಣದ ಮಾತು ಆಮೇಲೆ ಆಡಿ ಸರ್. ಇದು ಮೊದಲು."

ಆಮೇಲಿನ ಒಂದು ಗಂಟೆ ಅವರು ಹೇಳಿದ್ದನ್ನು ನಾನು ಬರೆದುಕೊಂಡೆ. ಬ್ರೇಕಿನ ರಬ್ಬರ್ ಪೈಪುಗಳೆಲ್ಲ ಬದಲಾಗಬೇಕು. ಹಳೆಯ ಪೈಪು ಹೊರಗಿನಿಂದ ಚೆನ್ನಾಗಿಯೇ ಕಂಡರೂ ಒಳಗೆ ಊದಿಕೊಂಡಿರುತ್ತದೆ, ಒತ್ತಿದಾಗ ಎಣ್ಣೆ ಮುಂದೆ ಹೋಗುತ್ತದೆ, ಬಿಟ್ಟಾಗ ಹಿಂದೆ ಬರುವುದಿಲ್ಲ, ಚಕ್ರ ಹಿಡಿದುಕೊಳ್ಳುತ್ತದೆ. ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿಯ ನೆಲದ ಕೆಳಗಿದೆ, ಅದನ್ನು ಹೊರತೆಗೆಯುವುದೇ ಒಂದು ದಿನದ ಕೆಲಸ. ಟೈರು ಹೊಸದು. ಮುಂದಿನ ಚಕ್ರಗಳನ್ನು ಹಿಡಿದಿರುವ ಟ್ರನಿಯನ್ ಬಿಚ್ಚಿ ನೋಡಬೇಕು. ಗ್ರೀಸ್ ಹೊಡೆಯದೆ ಬಿಟ್ಟರೆ ಅದರ ತಿರುಪಿನ ಮರೆಗಳು ಸವೆದು ಒಂದು ದಿನ ಚಕ್ರ ಮಡಚಿಕೊಂಡು ಕಾರು ಮೂಗು ಊರುತ್ತದೆ. ಮೈನರ್ ಇಟ್ಟುಕೊಂಡವರೆಲ್ಲ ಹೆದರುವುದು ಅದಕ್ಕೇ. ಇವುಗಳಲ್ಲಿ ಯಾವುದನ್ನೂ ಮೂಲದ್ದು ಎಂದು ಉಳಿಸುವ ಹುಚ್ಚು ನನಗೂ ಇರಲಿಲ್ಲ. ಎಂಜಿನ್ ಮಾತ್ರ, ಆ 948 ಸಿಸಿಯ ಸಣ್ಣ ಜೀವ, ಹ್ಯಾಂಡಲ್ ಹಾಕಿ ತಿರುಗಿಸಿದಾಗ ಸಲೀಸಾಗಿ ತಿರುಗಿತು. ಮೇಸ್ತ್ರಿ ಅಂದು ಮೊದಲ ಸಲ ಮುಗುಳ್ನಕ್ಕರು.

ಅವರು ಹೋದ ಮೇಲೆ ನಾವು ಮೂವರೂ ಶೆಡ್ಡಿನಲ್ಲೇ ಉಳಿದೆವು. ಅಣ್ಣನ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಅವನು ನನ್ನನ್ನು ಸೋಲಿಸಲು ಹೇಳಿದ ಮಾತಿನಲ್ಲೇ ಒಂದು ದಾರಿ ಇದೆ ಎಂದು ನಿಧಾನವಾಗಿ ಹೊಳೆಯಿತು. "ಸರಿ. ಅಪ್ಪ ಹೋದ ಮೇಲೆ ಆದದ್ದೆಲ್ಲ ಹೋಗಲಿ. ಅಪ್ಪ ಇದ್ದಾಗ ಆದದ್ದು ಇರಲಿ" ಎಂದೆ. ಅಣ್ಣ ಶೇಡ್ ಕಾರ್ಡನ್ನು ಮಡಚಿ ಜೇಬಿಗಿಟ್ಟುಕೊಂಡು ಕಾರಿನ ಸುತ್ತ ಒಂದು ಸಲ ನಡೆದು ಬಂದ. ಬಾಗಿಲಿನ ಸವೆದ ಜಾಗದ ಬಳಿ ನಿಂತು, ಮೊಣಕೈಯನ್ನು ಅಲ್ಲಿ ಇಟ್ಟು, ತೆಗೆದ. "ಬಿಳಿಚು ಹೋಗಬೇಕು" ಎಂದ. ಹೋಗುತ್ತದೆ ಎಂದೆ.

ಹಾಗೆ ಒಪ್ಪಂದವಾಯಿತು. ತುಕ್ಕು ತಿಂದದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡಿಂಗ್ ಮಾಡಿಸುವುದು, ಟೊಳ್ಳುಗಳಿಗೆಲ್ಲ ಮೇಣ ತುಂಬಿಸುವುದು. ಬಣ್ಣಕ್ಕೆ ಯಂತ್ರ ಮುಟ್ಟಿಸದೆ ಕೈಯಲ್ಲೇ ಪಾಲಿಷ್. ಉಳಿದಿರುವುದೇ ನೂರು ಮೈಕ್ರಾನ್, ಪಾಲಿಷ್ ಯಂತ್ರದ ಚಕ್ರ ಅಂಚಿಗೆ ತಾಗಿದರೆ ಕ್ಷಣದಲ್ಲಿ ಪ್ರೈಮರ್ ಕಾಣುತ್ತದೆ. ಪಾಲಿಷ್ ಮಾಡಿದ್ದು ನಾನು ಮತ್ತು ಅಣ್ಣ, ಆರು ವಾರಾಂತ್ಯ. ಬಟ್ಟೆಗಳೆಲ್ಲ ಬೂದಾದವು, ಅದರ ಅಡಿಯಿಂದ ಮೂಲ ಬಣ್ಣ ಮಳೆ ಬಿದ್ದ ಕಲ್ಲಿನ ಹಾಗೆ ಗಾಢವಾಗಿ ಎದ್ದು ಬಂತು. ಬಾಗಿಲ ಕೆಳಗಿನ ಹೊಸ ತಗಡಿಗೆ ಹೊಡೆದ ಬೂದು ಮಾತ್ರ ಸ್ವಲ್ಪ ಎದ್ದು ಕಾಣುತ್ತದೆ. ಉಜ್ಜಿ ಮಂಕು ಮಾಡಿಕೊಡುವೆ ಎಂದರು ಮೇಸ್ತ್ರಿ. ನಾನು ಬೇಡ ಎಂದೆ. ಅಣ್ಣ ಬೇಕು ಎಂದ. ಅದೊಂದು ಇನ್ನೂ ಇತ್ಯರ್ಥವಾಗಿಲ್ಲ.

ಮಡ್‌ಗಾರ್ಡಿನ ಪಂಚಾಯಿತಿ ನಾವು ಎಣಿಸದ ಕಡೆಯಿಂದ ಬಂತು. ನಮ್ಮ ಹೊಸ ನಿಯಮದ ಪ್ರಕಾರ ಅದು ಅಪ್ಪನ ಕಾಲದ್ದು, ಇರಬೇಕು. ಅಮ್ಮ ಕಡ್ಡಿ ಮುರಿದ ಹಾಗೆ ಬೇಡ ಎಂದಳು. "ನನ್ನ ತಪ್ಪನ್ನು ಊರಿಗೆಲ್ಲ ತೋರಿಸುವುದಕ್ಕೆ ನಿಮಗೆ ಸನ್ನದು ಬೇರೆ ಬೇಕೇ? ಒಳ್ಳೆಯದೊಂದು ಹುಡುಕಿ ಹಾಕಿ." ಎರಡು ದಿನ ನಾವು ಅವಳನ್ನು ಒಲಿಸಲು ನೋಡಿದೆವು. ಮೂರನೆಯ ದಿನ ಅವಳೇ ಶೆಡ್ಡಿಗೆ ಬಂದು, ಹೆಡ್‌ಲೈಟಿನ ಪಕ್ಕದ ಉಬ್ಬನ್ನು ಸವರಿ, "ಮೂರು ದಿನದಲ್ಲಿ ಮಾಡಿಸಿದ್ದಲ್ಲವೇ, ಅವಸರ" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಒಳಗೆ ಹೋದಳು. ಮಡ್‌ಗಾರ್ಡಿನ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ನಾವೂ ಎತ್ತಲಿಲ್ಲ. ಅದು ಅಲ್ಲೇ ಇದೆ.

ಮೊದಲ ಸವಾರಿಗೆ ಚಾಲಕನ ಜಾಗದಲ್ಲಿ ನಾನು, ಎಡಗಡೆ ಅಮ್ಮ, ಹಿಂದೆ ಅಣ್ಣ. ಕೀಲಿ ತಿರುಗಿಸಿದಾಗ ಪೆಟ್ರೋಲ್ ಪಂಪು ಟಿಕ್ ಟಿಕ್ ಎಂದು ಹಲ್ಲಿಯ ಹಾಗೆ ಲೊಚಗುಟ್ಟಿತು. ಸ್ಟಾರ್ಟರಿನ ಗುಬ್ಬಿ ಎಳೆದೆ, ಎಂಜಿನ್ ಹಿಡಿಯಿತು. ತಿರುವಿನಲ್ಲಿ ಎಡಕ್ಕೆ ಹೋಗಬೇಕಿತ್ತು. ಈ ಕಾರಿನಲ್ಲಿ ಮಿನುಗುವ ದೀಪಗಳಿಲ್ಲ, ಅವು ಬಂದದ್ದು 1961ರಲ್ಲಿ. ಬಾಗಿಲುಗಳ ನಡುವಿನ ಕಂಬದೊಳಗಿಂದ ಕಿತ್ತಳೆ ಬಣ್ಣದ ಪುಟ್ಟ ಕೈಯೊಂದು ಹೊರಚಾಚಿ ದಿಕ್ಕು ತೋರಿಸಬೇಕು. ಸ್ವಿಚ್ ಹಾಕಿದೆ. ಕಂಬದೊಳಗೆ ಕಟ್ ಎಂದ ಸದ್ದು, ಕೈ ಮಾತ್ರ ಏಳಲಿಲ್ಲ. ಎರಡನೆಯ ಸಲವೂ ಇಲ್ಲ. ಹಿಂದಿನಿಂದ ಬಂದವರು ಹಾರ್ನ್ ಮಾಡಿದರು.

"ಅದನ್ನೂ ರಿಪೇರಿ ಮಾಡಿಸಬೇಕಿತ್ತು" ಎಂದ ಅಣ್ಣ.

ಅಮ್ಮ ಹಿಂದೆ ತಿರುಗಿಯೂ ನೋಡದೆ, ಎಡಗೈ ಮುಷ್ಟಿ ಕಟ್ಟಿ, ಭುಜದ ಹಿಂದಿನ ಕಂಬಕ್ಕೆ ಒಂದು ಗುದ್ದು ಕೊಟ್ಟಳು. ಕಿತ್ತಳೆ ಕೈ ಎದ್ದು ನಿಂತಿತು.